ಸರ್ಕ್ಯೂಟ್ ಬೋರ್ಡಿನ ‘ವಯಾ’ಗೆ ಏನನ್ನೋಣ? ನಾಳೆಯೇ ಬೇಕು

ಶಿರಸಿಯಿಂದ:

ಡಿಪ್ಲೊಮಾ ಹುಡುಗರಿಗಾಗಿ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ಬೋರ್ಡಿನ ಒಂದು ಪದರದಿಂದ ಇನ್ನೊಂದಕ್ಕೆ ಕರೆಂಟ್ ದಾಟಿಸಲು ಕೊರೆದು, ಒಳಗೋಡೆಗೆ ತಾಮ್ರ ಹಿಡಿಸಿದ ತೂತಿಗೆ ‘ವಯಾ’ ಅಂತಾರೆ. ನನ್ನ ವಾಕ್ಯ ಇದು: ‘ದಟ್ಟವಾದ ಬೋರ್ಡಿನಲ್ಲಿ ಪವರ್ ಲೈನಿಗೆ ಒಂದು ದೊಡ್ಡ ___ ಬದಲು ಹಲವು ಸಣ್ಣ ___ ಹಾಕಿ.’ ‘ರಂಧ್ರ’ ಅಂತ ಬರೆದಿದ್ದೆ, ಯಾಕೋ ಕೂರುತ್ತಿಲ್ಲ.

ಕುಮಟಾದಿಂದ:

ಕಿಂಡಿ. ಇದಕ್ಕೆಲ್ಲ ಪತ್ರ ಬೇಕಾ? ಬೆಳಕಿಂಡಿ ಇದೆ. ನಮ್ಮ ಹೊಳೆಗಳಿಗೆ ಕಿಂಡಿ ಅಣೆಕಟ್ಟು ಇದೆ. ಆಚೆಯಿಂದ ಈಚೆಗೆ ಹಾಯುವ ಜಾಗಕ್ಕೆ ಕಿಂಡಿ ಅಂತಲೇ ಅನ್ನೋದು. ಇಂಗ್ಲಿಷಿನವರೇ ಲ್ಯಾಟಿನ್ನಿಂದ ಸಾಲ ತಂದ ಪದ ಅದು. ಸಾಲಗಾರನ ಹತ್ತಿರ ನಾವು ಮತ್ತೆ ಸಾಲ ಕೇಳಬೇಕಾ? ‘ರಂಧ್ರ’ ಬೇಡವೇ ಬೇಡ, ಅದೂ ಹೊರಗಿನದೇ.

ಕಾರವಾರದಿಂದ:

ಕಿಂಡಿ ತಪ್ಪು. ಕಿಂಡಿಯಲ್ಲಿ ನೀರು ಹಾಯೋದು ನಡುವಿನ ಖಾಲಿ ಜಾಗದಲ್ಲಿ. ಇಲ್ಲಿ ಕರೆಂಟ್ ಹೋಗೋದು ಗೋಡೆಯ ತಾಮ್ರದಲ್ಲಿ ಮಾತ್ರ. ಆ ತಾಮ್ರದ ದಪ್ಪ 20–25 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಅಷ್ಟೆ. 0.3 ಮಿ.ಮೀ. ತೂತಿಗೆ 25 ಮೈಕ್ರಾನ್ ಲೇಪ ಅಂದರೆ ಸಿಗುವ ತಾಮ್ರ ಸುಮಾರು 0.024 ಚದರ ಮಿ.ಮೀ. ಬೋರ್ಡಿನ ಮೇಲಿನ 35 ಮೈಕ್ರಾನ್ ತಾಮ್ರದಲ್ಲಿ ಹೆಚ್ಚುಕಡಿಮೆ 0.7 ಮಿ.ಮೀ. ಅಗಲದ ಗೆರೆಗೆ ಇದು ಸಮ. ತೂತಿನ ಅಗಲ ಎರಡು ಪಟ್ಟು ಮಾಡಿದರೆ ತಾಮ್ರ ಎರಡೇ ಪಟ್ಟು ಆಗುತ್ತದೆ, ತೂತು ತಿನ್ನುವ ಜಾಗ ಮಾತ್ರ ನಾಲ್ಕು ಪಟ್ಟು. ಅಡಿಯಲ್ಲಿ 0.8 ಮಿ.ಮೀ. ಅಂತರಕ್ಕೊಂದು ಬೆಸುಗೆ ಗುಂಡು ಇರುವ ಬಿಜಿಎ ಚಿಪ್‌ನ ಕೆಳಗೆ ದೊಡ್ಡ ತೂತುಗಳು ಸಾಲಾಗಿ ಬಂದರೆ ಒಳಪದರದ ಗ್ರೌಂಡ್ (ಕರೆಂಟ್ ಮರಳುವ) ತಾಮ್ರ ತುಂಡು ತುಂಡಾಗುತ್ತದೆ. ಅದಕ್ಕೇ ಸಣ್ಣವು ಹಲವು. ಹಾಗಂತ 1.6 ಮಿ.ಮೀ. ಬೋರ್ಡಿನಲ್ಲಿ 0.1ಕ್ಕೆ ಇಳಿಯಬೇಡಿ. ಆಳ ಅಗಲದ 16 ಪಟ್ಟಾಗುತ್ತದೆ, ಒಳಗೆ ಲೇಪ ಸರಿಯಾಗಿ ಹಿಡಿಯೋದಿಲ್ಲ.

ಕೊರೆದದ್ದು ತೂತು, ಲೇಪ ಆದಮೇಲೆ ವಯಾ. ಎರಡನ್ನೂ ಕಿಂಡಿ ಅಂದರೆ ಹುಡುಗರು ಖಾಲಿ ಜಾಗಕ್ಕೆ ಲೆಕ್ಕ ಹಾಕುತ್ತಾರೆ. ‘ಹುಬ್ಬಳ್ಳಿ ವಯಾ ಯಲ್ಲಾಪುರ’ ಅಂತ ಓದಿ ಬಸ್ ಹತ್ತುವವರಿಗೆ ಈ ಪದ ಹೊಸದಾ?

ಕುಮಟಾದಿಂದ:

ಬಸ್ಸಿನ ಬೋರ್ಡು ನಿಘಂಟಲ್ಲ. ಅಲ್ಲಿ ‘ವಯಾ’ ನಾಮಪದವೂ ಅಲ್ಲ. ಬಸ್ಸಿನವರು ಎರಡು ವಯಾ ಕೊಡಿ ಅಂತ ಯಾವತ್ತಾದರೂ ಕೇಳಿದ್ದಾರಾ? ಮತ್ತೆ, ‘ಲೇಪ’ ಯಾಕೆ? ಬಳಿಯೋದು ಅನ್ನೋಕೆ ಏನು ಅಡ್ಡಿ?

ಕಾರವಾರದಿಂದ:

ಬಳಿಯೋದು ಸುಣ್ಣ. ಇದು ರಾಸಾಯನಿಕದ ತೊಟ್ಟಿಯಲ್ಲಿ ಕರೆಂಟ್ ಹರಿಸಿ ಕೂರಿಸೋದು. ಗೊತ್ತಿಲ್ಲದ್ದಕ್ಕೆ ಹೆಸರಿಡಬೇಡಿ ಮಾರಾಯ್ರೆ.

ಶಿರಸಿಯಿಂದ:

ನೀವಿಬ್ಬರೂ ಮುಂದುವರಿಸಿ, ನಾನು ‘ವಯಾ’ ಹಾಕಿ ಆಯ್ತು. ಬಹುವಚನ ‘ವಯಾಗಳು’. ಮೊದಲ ಸಲ ಬಂದಲ್ಲಿ ‘ತಾಮ್ರಗೋಡೆಯ ತೂತು’ ಅಂತ ಅರ್ಥ ಕೊಟ್ಟಿದ್ದೇನೆ. ಅದರ ಸುತ್ತಲಿನ ಉಂಗುರ ‘ಪ್ಯಾಡ್’ ಆಗಿಯೇ ಇರುತ್ತದೆ. ಅದಕ್ಕೆ ಯಾರೂ ಪದ ಕಳಿಸಬೇಡಿ.