ಕಾಳಜಿ ಕೇಂದ್ರದಲ್ಲಿ ವಾಂತಿ-ಭೇದಿ: ಮೊದಲು ಯಾರನ್ನು ನೋಡಬೇಕು?

ಹೊಳೆದಂಡೆ_ಗೆಳೆಯರು (ರಾಯಚೂರು):
ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟರೆ ಕೃಷ್ಣಾ ನಡುಗಡ್ಡೆಯವರು, ದಂಡೆಯ ಕೇರಿಯವರು ಒಂದೇ ಶಾಲೆಯ ಕಾಳಜಿ ಕೇಂದ್ರಕ್ಕೆ (ನೆರೆಗೆ ಸಿಕ್ಕವರ ತಾತ್ಕಾಲಿಕ ಆಸರೆಗೆ) ಬರ್ತಾರೆ, ಅಂದಾಜು 300 ಜನ. ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ)ಯವರ ಜೊತೆ ಓಆರ್‌ಎಸ್ ಕಾರ್ನರ್, ಅಂದರೆ ವಾಂತಿ-ಭೇದಿ ಆದವರಿಗೆ ಉಪ್ಪು-ಸಕ್ಕರೆ ಪುಡಿಯ ನೀರು ಕುಡಿಸೋ ಜಾಗ, ನಡೆಸಬೇಕು ಅಂತಿದ್ದೀವಿ. ಟ್ರ್ಯಾಕ್ಟರ್ ಕೊಡೋ ಮುಖಂಡರೊಬ್ಬರು ತಮ್ಮ ಬ್ಯಾನರ್ ಹಾಕಬೇಕು, ತಮ್ಮ ಓಣಿಯವರನ್ನೇ ಮೊದಲು ನೋಡಬೇಕು ಅಂತಾರೆ. ಏನ್ ಮಾಡಬೇಕ್ರಿ? ಸಾಮಾನು ಎಷ್ಟು ಇಡಬೇಕು?

ಸ್ಟಾಫ್‌ನರ್ಸ್_ಸಿಂಧನೂರು:
ಮೈಯಲ್ಲಿ ನೀರು ಯಾರಿಗೆ ಹೆಚ್ಚು ಕಡಿಮೆಯಾಗಿದೆಯೋ ಅವರೇ ಮೊದಲು. ಬಂದ ಸರದಿ ಕೂಡ ಲೆಕ್ಕಕ್ಕಿಲ್ಲ. ಹೊಟ್ಟೆಯ ಚರ್ಮ ಚಿವುಟಿ ಬಿಡ್ರಿ. ಮಡಿಕೆ ಇಳಿಯಲು 2 ಸೆಕೆಂಡಿಗಿಂತ ಹೆಚ್ಚು ಹಿಡಿದು, ಕಣ್ಣು ಗುಳಿಬಿದ್ದು, ಮಂಪರಿನಲ್ಲಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡ್ರಿ. ಅಂಥವರಿಗೆ ರಿಂಗರ್ ಲ್ಯಾಕ್ಟೇಟ್ (ನರಕ್ಕೆ ಹಾಕೋ ಒಂದು ಬಗೆಯ ಸಲೈನ್) ಕೆಜಿಗೆ 100 ಮಿಲಿ ಏರಿಸಬೇಕು, ಅಂದರೆ 60 ಕೆಜಿಯವರಿಗೆ 500 ಮಿಲಿಯ 12 ಬಾಟಲಿ. ಅದು ಪಿಎಚ್‌ಸಿಯ ಕೆಲಸ.

ಚಡಪಡಿಕೆ, ವಿಪರೀತ ಬಾಯಾರಿಕೆ ಇದ್ದು ಕುಡಿಯಬಲ್ಲವರನ್ನು ನಿಮ್ಮ ಕಾರ್ನರಿನಲ್ಲೇ ನೋಡ್ರಿ: 4 ಗಂಟೆಯಲ್ಲಿ ಕೆಜಿಗೆ 75 ಮಿಲಿ ಓಆರ್‌ಎಸ್. 12 ಕೆಜಿಯ ಮಗುವಿಗೆ 900 ಮಿಲಿ, ಚಮಚದಲ್ಲಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ನಿಧಾನಕ್ಕೆ ಕುಡಿಸ್ರಿ. ಎದೆಹಾಲು ನಿಲ್ಲಿಸಬಾರದು.

ಬಡಕಲು ಮಕ್ಕಳ ವಿಷಯದಲ್ಲಿ ಬಹಳ ಹುಷಾರು. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಮೀಗಿಂತ ಕಡಿಮೆ ಇದ್ದರೆ ಚಿವುಟಿ ನೋಡಿದ್ದನ್ನು ನಂಬಬೇಡ್ರಿ; ನೀರು ಕಡಿಮೆಯಾಗದಿದ್ದರೂ ಚರ್ಮ ಹಾಗೇ ನಿಲ್ಲುತ್ತೆ. ಅವಸರದಲ್ಲಿ ಸಲೈನ್ ಏರಿಸಿದರೆ ಹೃದಯ ತಡೆಯಲ್ಲ. ನೇರ ಆಸ್ಪತ್ರೆಗೆ ಕಳಿಸ್ರಿ.

ನೀರುಸರಬರಾಜು_ಲಿಂಗಸುಗೂರು:
ಪೊಟ್ಟಣ ಎರಡು ಅಳತೆಯಲ್ಲಿ ಬರ್ತವೆ, 1 ಲೀಟರಿನದು ಮತ್ತು 200 ಮಿಲಿಯದು. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಅತಿಯಾಗಿ ಮಗುವಿಗೆ ಅಪಾಯ. ಒಂದೇ ಅಳತೆಯದು ತರಿಸಿ, ಅದೇ ಅಳತೆಯ ಪಾತ್ರೆಗೆ ಗೆರೆ ಹಾಕಿಡ್ರಿ. ನೂರಕ್ಕೆ 5 ಜನ ಕಾಯಿಲೆ ಬಿದ್ದಾರು, ಅವರಿಗೆ ತಲೆಗೆ 10 ಲೀಟರ್ ಓಆರ್‌ಎಸ್ ಬೇಕಾದೀತು ಅಂತ ಹಿಡಿದರೆ 1 ಲೀಟರಿನವು 150 ಸಾಕು.

ಕೆಂಪು ಹೊಳೆನೀರಿಗೆ ನೇರ ಬ್ಲೀಚಿಂಗ್ ಹಾಕಿದರೆ ರಾಡಿಯೇ ಕ್ಲೋರಿನ್ ನುಂಗುತ್ತೆ. ಪಟಿಕ ಆಡಿಸಿ ತಿಳಿಯಾಗಿಸಿಕೊಂಡು, 1000 ಲೀಟರಿಗೆ 2.5 ಗ್ರಾಂ ಪೌಡರ್ ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿನೀರು ಮಾತ್ರ ಟ್ಯಾಂಕಿಗೆ ಸುರೀರಿ. ಅರ್ಧ ಗಂಟೆ ಆದ ಮೇಲೆ ಲೀಟರಿಗೆ 0.5 ಮಿಗ್ರಾಂ ಕ್ಲೋರಿನ್ ಉಳಿದಿರಬೇಕು. ಹಳೇ ಪೌಡರಿನ ಕಸುವು ಹೋಗಿರುತ್ತೆ, ಪರೀಕ್ಷೆ ಮಾಡದೆ ಕುಡಿಸಬೇಡ್ರಿ. ತಲೆಗೆ ದಿನಕ್ಕೆ 15 ಲೀಟರಿನಂತೆ 4500 ಲೀಟರ್ ಬೇಕು.

ಫೀಲ್ಡ್_ದೇವದುರ್ಗ:
ಬ್ಯಾನರ್ ಬೇಡವೇ ಬೇಡ. ಟ್ರ್ಯಾಕ್ಟರ್ ಪಂಚಾಯ್ತಿ ಮೂಲಕ ಬರಲಿ, ಷರತ್ತಿಲ್ಲದೆ. ರೆಡ್‌ಕ್ರಾಸ್ 1965ರಲ್ಲಿ ಘೋಷಿಸಿದ ತತ್ವಗಳಲ್ಲೂ ಇದೇ ಇದೆ: ಧರ್ಮ, ವರ್ಗ, ರಾಜಕೀಯ ನೋಡದೆ ಸಂಕಟ ಹೆಚ್ಚಿರುವವರಿಗೆ ಮೊದಲು. ಮುಖಂಡರಿಗೂ ಹಾಗೇ ಹೇಳ್ರಿ, ಅವರ ಓಣಿಯ ಕೂಸು ಮಂಪರಿನಲ್ಲಿ ಬಂದರೆ ಅದನ್ನೂ ಎಲ್ಲರಿಗಿಂತ ಮೊದಲೇ ನೋಡ್ತೀವಿ ಅಂತ.

ಕಾರ್ನರನ್ನು ಗುಡಿಕಟ್ಟೆ ಮೇಲೆ ಇಡಬೇಡ್ರಿ, ಕೆಲವರು ಆ ಮೆಟ್ಟಿಲು ಹತ್ತೋದೇ ಇಲ್ಲ. ಶಾಲೆಯ ಗೇಟಿನ ಹತ್ತಿರ ಇಡ್ರಿ. ರಿಜಿಸ್ಟರಿನಲ್ಲಿ ವಯಸ್ಸು, ಎಲ್ಲಿಂದ ಬಂದರು, ಬಂದ ಹೊತ್ತು, ಎಷ್ಟು ಕುಡಿದರು, ಇಷ್ಟೇ ಇರಲಿ. ಜಾತಿ, ರೇಷನ್ ಕಾರ್ಡಿನ ಕಾಲಂ ಬೇಡ. ನಾಟಿಗೆ ಬಂದ ಕೂಲಿಗಳು ಕಾರ್ಡ್ ಅಂದ ಕೂಡಲೇ ವಾಪಸ್ ಹೋಗ್ತಾರೆ. ಸಂಜೆ ಪುಟ ತಿರುವಿ ನೋಡ್ರಿ. ಒಂದು ಕೇರಿಯಿಂದ ಯಾರೂ ಬಂದಿಲ್ಲ ಅಂದರೆ ಅಲ್ಲಿ ಕಾಯಿಲೆ ಇಲ್ಲ ಅಂತ ತಿಳೀಬೇಡ್ರಿ, ಆಶಾ ಕಾರ್ಯಕರ್ತೆಯ ಜೊತೆ ಹೋಗಿ ಮನೆಮನೆ ವಿಚಾರಿಸ್ರಿ.

ಹೊಳೆದಂಡೆ_ಗೆಳೆಯರು:
ಗೇಟಿನ ಹತ್ತಿರವೇ ಇಡ್ತೀವ್ರಿ. ಕಾಲರಾ ಅಂತ ಯಾವಾಗ ಅನುಮಾನ ಪಡಬೇಕು?

ಸ್ಟಾಫ್‌ನರ್ಸ್_ಸಿಂಧನೂರು:
ದೊಡ್ಡವರು ಅಕ್ಕಿ ತೊಳೆದ ನೀರಿನಂಥ ಭೇದಿಯಾಗಿ ಕೆಲವೇ ಗಂಟೆಯಲ್ಲಿ ಕುಸಿದರೆ ಒಂದೇ ಕೇಸಿದ್ದರೂ ಪಿಎಚ್‌ಸಿಗೆ ಅಂದೇ ತಿಳಿಸ್ರಿ. ಆ್ಯಂಟಿಬಯೋಟಿಕ್ ಶುರು ಮಾಡುವ ಮುಂಚೆ ಮಲದ ಮಾದರಿ ತೆಗೆಸ್ರಿ. ಆದರೆ ವರದಿಗೆ ಕಾಯದೆ ಕುಡಿಸೋದು ನಡೀತಾ ಇರಲಿ.