ಸಹಾಯ ಬೇಕು: ಟಿಪ್ಪು ಕಾಲದ ತಾಮ್ರದ ಕಾಸುಗಳನ್ನು ಯಾವುದರಲ್ಲಿ ಇಡೋದು?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಂಗಳೂರಿನಲ್ಲಿ, ಸಮುದ್ರಕ್ಕೆ ಹತ್ತಿರ. ಅಜ್ಜ ಕೂಡಿಟ್ಟ ನಾಣ್ಯಗಳು ಈಗ ನನ್ನ ಹತ್ತಿರ ಇವೆ. ಆನೆ ಇರುವ ಟಿಪ್ಪು ಕಾಲದ ತಾಮ್ರದ ಕಾಸುಗಳು, 1835ರ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ, ಐದನೇ ಜಾರ್ಜ್‌ನ ಬೆಳ್ಳಿ ರೂಪಾಯಿ.

ಹಳೆಯ ಆಲ್ಬಮ್ ಪಿವಿಸಿ ಪ್ಲಾಸ್ಟಿಕ್‌ನದ್ದು. ಅದು ಮೆತ್ತಗಾಗಿ ಕಾಸುಗಳ ಅಂಚಿಗೆ ಹಸಿರು ಅಂಟು ಹತ್ತಿದೆ. ಒಂದರಲ್ಲಿ ಆನೆಯ ಸೊಂಡಿಲ ಮೇಲೇ ಚುಕ್ಕೆ ಕೂತಿದೆ. ನೋಡಿದ್ರೆ ಕರುಳು ಚುರುಕ್ ಅನ್ನುತ್ತದೆ. ಅಂಟು ಶುದ್ಧ ಅಸಿಟೋನ್‌ನಲ್ಲಿ ಬಿಡುತ್ತದೆ, ಅದು ಗೊತ್ತು. ಹುಣಸೆಹಣ್ಣು ಹಾಕಿ ತಿಕ್ಕಿ ಅಂತ ಮಾತ್ರ ಹೇಳಬೇಡಿ. ಆ ಹಳೆಯ ಕಂದು ಬಣ್ಣ ಹೋದರೆ ಮತ್ತೆ ಬರಲ್ಲ.

ರೂಪಾಯಿ, ಕಾಲಾಣೆಗೆ ಅಳತೆಯ ಕ್ಯಾಪ್ಸೂಲ್ (ನಾಣ್ಯ ಇಡುವ ಗುಂಡನೆಯ ಪ್ಲಾಸ್ಟಿಕ್ ಡಬ್ಬಿ) ಸಿಗುತ್ತವೆ. ಟಿಪ್ಪು ಕಾಸು ದಪ್ಪ, ಪೂರ್ತಿ ಗುಂಡಗೂ ಇಲ್ಲ. ರಟ್ಟಿನ ಹೋಲ್ಡರ್‌ನಲ್ಲಿಟ್ಟು ಪಿನ್ ಹೊಡೆದರೆ ಅದರೊಳಗಿನ ತೆಳು ಪ್ಲಾಸ್ಟಿಕ್ (ಮೈಲಾರ್) ಹಾಳೆ ಹರಿಯುತ್ತದೆ. ಇಂಥವನ್ನು ನೀವು ಯಾವುದರಲ್ಲಿ ಇಡುತ್ತೀರಿ?

ಮನೆಗೆ ಬಂದವರಿಗೆ ತೋರಿಸಲು ಗಾಜಿನ ಮುಚ್ಚಳದ ಟ್ರೇ ಮಾಡಿಸುವ ಆಸೆಯೂ ಇದೆ. ಕೆಲವು ಮರಗಳಿಂದ ಬರುವ ಆಮ್ಲ ನಾಣ್ಯಕ್ಕೆ ಆಗಲ್ಲ, ಅಲ್ವಾ? ಹಾಗಾದರೆ ಯಾವ ಮರ ಒಳ್ಳೆಯದು? ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು? ಕರಾವಳಿಯಲ್ಲಿ ಸಂಗ್ರಹ ಇಟ್ಟುಕೊಂಡವರು ದಯವಿಟ್ಟು ಹೇಳಿ. ನಿಮ್ಮ ಟ್ರೇಯ ಫೋಟೋ ಹಾಕಿದರೆ ಬಡಗಿಗೆ ತೋರಿಸುತ್ತೇನೆ.