ಪ್ರೊಜೆಕ್ಟರ್‌ನಲ್ಲಿ ಟಿವಿ ನೋಡುವಾಗ ಚಿತ್ರ ಮೂರು ಸೆಕೆಂಡು ಮಾಯವಾಗುತ್ತದೆ, ಯಾರಾದರೂ ದಾರಿ ಹೇಳಿ

ಗೋಡೆನೋಟ
ಎರಡು ವಾರದಿಂದ ತಲೆ ಚಿಟ್ಟು ಹಿಡಿದುಹೋಗಿದೆ. ಹೊಸ ಪ್ರೊಜೆಕ್ಟರ್, ಅಗ್ಗದ್ದೇ, ಟಿವಿ ನೋಡಲೆಂದೇ ತಂದದ್ದು. ಚೆನ್ನಾಗಿ ಓಡುತ್ತಿರುತ್ತದೆ, ಇದ್ದಕ್ಕಿದ್ದಂತೆ ಚಿತ್ರ ಹೋಗುತ್ತದೆ. ಎರಡು ಮೂರು ಸೆಕೆಂಡಿನ ಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ತಾನಾಗಿ ಬರುತ್ತದೆ. ನಿನ್ನೆ ಪಂದ್ಯದ ಕೊನೆಯ ಓವರಿನಲ್ಲಿ ಚೆಂಡು ಆಕಾಶದಲ್ಲಿತ್ತು, ಚಿತ್ರ ಹೋಯಿತು. ಬಂದಾಗ ಆಟಗಾರ ನೆಲದ ಮೇಲೆ ಬಿದ್ದಿದ್ದ. ಹಿಡಿದು ಬಿದ್ದನೋ ಬಿಟ್ಟು ಬಿದ್ದನೋ ತಿಳಿಯಲಿಲ್ಲ. ಎಲ್ಲ ಸೆಟ್ಟಿಂಗ್ ನೋಡಿದ್ದೇನೆ, ಫ್ಯಾಕ್ಟರಿ ರೀಸೆಟ್ ಕೂಡ ಮಾಡಿದ್ದೇನೆ. ಯಂತ್ರದ ದೋಷವೇ? ವಾಪಸು ಕೊಡುವ ಗಡುವು ಹತ್ತಿರ ಬಂದಿದೆ, ಬೇಗ ಹೇಳಿ.

ಧೂಳುಶತ್ರು
ಶಾಖ. ಬೇರೆ ಏನೂ ಅಲ್ಲ. ಈ ಚಿಕ್ಕ ಡಬ್ಬಿಗಳಲ್ಲಿ ಎಲ್‌ಇಡಿ ಕಾಯುತ್ತದೆ, ಗಾಳಿ ಹೋಗುವ ಕಿಂಡಿಯಲ್ಲಿ ಧೂಳು ಕಟ್ಟುತ್ತದೆ, ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ದೀಪ ಆರಿಸುತ್ತದೆ. ಹಿಂಬದಿಯ ಜಾಲರಿ ತೆಗೆದು ಮೆತ್ತನೆಯ ಕುಂಚದಿಂದ ಗುಡಿಸಿ.

ತಂತಿಗಂಟು
ಊಹಿಸುವ ಮೊದಲು ಮೂರು ಪ್ರಶ್ನೆ. ಚಿತ್ರ ಹೋದಾಗ ಶಬ್ದವೂ ಹೋಗುತ್ತದೆಯೇ? ಗೋಡೆ ಪೂರ್ತಿ ಕತ್ತಲಾಗುತ್ತದೆಯೇ, ಇಲ್ಲವೇ ನೀಲಿ ಬಣ್ಣ ಅಥವಾ ‘ಸಿಗ್ನಲ್ ಇಲ್ಲ’ ಎಂಬ ಬರಹ ಕಾಣುತ್ತದೆಯೇ? ಕೇಬಲ್ ಎಷ್ಟು ಉದ್ದ?

ಗೋಡೆನೋಟ
ಎಲ್ಲರೂ ಬಳಸುವಂಥ ಸೆಟ್‌ಟಾಪ್ ಬಾಕ್ಸ್, ಎಲ್ಲರೂ ಬಳಸುವಂಥ ಕೇಬಲ್. ಅವುಗಳಲ್ಲಿ ವಿಶೇಷವೇನೂ ಇಲ್ಲ. ಧೂಳು ತೆಗೆದೆ, ಪ್ರಯೋಜನವಾಗಲಿಲ್ಲ. ಇನ್ನೊಂದು ಮಾತು, ನಗಬೇಡಿ: ಇದು ಬೇಕೆಂದೇ ಒಳ್ಳೆಯ ಘಟ್ಟದಲ್ಲಿ ಕೈಕೊಡುತ್ತದೆ. ರಾತ್ರಿಯ ಧಾರಾವಾಹಿಗಳಲ್ಲಿ ಒಮ್ಮೆಯೂ ಆಗಿಲ್ಲ. ಶಕ್ತಿ ಸಾಲದು ಎನ್ನುವಂತೆಯೂ ಇಲ್ಲ, ಬೆಳಕಿನ ಅಳತೆ 9000 ಲುಮೆನ್ ಎಂದೇ ಪೆಟ್ಟಿಗೆಯ ಮೇಲೆ ಅಚ್ಚಾಗಿದೆ.

ಲುಮೆನ್‌ಲೆಕ್ಕ
ಆ 9000 ಓದಿ ಸುಮ್ಮನಿರಲು ನನ್ನಿಂದಾಗದು. ಲುಮೆನ್ ಅಳೆಯುವ ಅನ್ಸಿ ಎಂಬ ಅಮೆರಿಕದ ಮಾನಕ ಪದ್ಧತಿಯಲ್ಲಿ ಪರದೆಯನ್ನು ಒಂಬತ್ತು ಭಾಗ ಮಾಡಿ, ಪ್ರತಿ ಭಾಗದ ಬೆಳಕನ್ನು ಅಳೆದು, ಸರಾಸರಿಯನ್ನು ಪರದೆಯ ವಿಸ್ತೀರ್ಣದಿಂದ ಗುಣಿಸುತ್ತಾರೆ. ಪೆಟ್ಟಿಗೆಯ ಮೇಲಿನ ಅಂಕಿಗೂ ಆ ಅಳತೆಗೂ ಸಂಬಂಧವಿರಬೇಕೆಂದೇನಿಲ್ಲ. ನಿಮ್ಮದು ನಿಜದಲ್ಲಿ 200 ಎಂದಿಟ್ಟುಕೊಳ್ಳಿ. 100 ಇಂಚಿನ ಚಿತ್ರ ಸುಮಾರು 2.75 ಚದರ ಮೀಟರ್. ಭಾಗಿಸಿದರೆ 73 ಲಕ್ಸ್, ಅಂದರೆ ಒಂದು ಚದರ ಮೀಟರಿಗೆ 73 ಲುಮೆನ್. ಅದನ್ನೇ 150 ಇಂಚಿಗೆ ಹಿಗ್ಗಿಸಿದರೆ 32. ಕೋಣೆಯ ದೀಪ ಹಾಕಿದೊಡನೆ ಮುಖಗಳೆಲ್ಲ ಬೂದಿ ಬಳಿದಂತೆ ಕಾಣುವುದು ಇದಕ್ಕೇ.

ಕತ್ತಲೆಕೋಣೆ
ಅದಕ್ಕೇ ನಾನು ದೀಪದ ತಂಟೆಗೇ ಹೋಗಲಿಲ್ಲ. ನನ್ನ ಕೋಣೆಯ ಮೂರು ಗೋಡೆ ಮತ್ತು ಮಾಡಿಗೆ ಇದ್ದಲಿನ ಬಣ್ಣ ಬಳಿಸಿದ್ದೇನೆ. 120 ಇಂಚಿನ ಬೂದು ಪರದೆ, ಎರಡು ಸಬ್‌ವೂಫರ್, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ. ಹಗಲು ಹನ್ನೆರಡು ಗಂಟೆಗೂ ಒಳಗೆ ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ಫೋಟೊ ಹಾಕೋಣವೆಂದರೆ, ಹೇಳಿದೆನಲ್ಲ, ಏನೂ ಕಾಣುವುದಿಲ್ಲ.

ಲುಮೆನ್‌ಲೆಕ್ಕ
ಬೂದು ಪರದೆ ಕಪ್ಪನ್ನು ತಗ್ಗಿಸುವಂತೆ ಬಿಳಿಯನ್ನೂ ತಗ್ಗಿಸುತ್ತದೆ. ಅಷ್ಟು ಕತ್ತಲಿರುವ ಕೋಣೆಗೆ ಅದು ಏಕೆ?

ಕತ್ತಲೆಕೋಣೆ
ಕಣ್ಣಿಂದ ನೋಡಿದವರಿಗೆ ಗೊತ್ತು. ಕ್ಯಾಲ್ಕುಲೇಟರ್ ಹಿಡಿದು ಸಿನಿಮಾ ನೋಡುವವರ ಜೊತೆ ನನಗೆ ವಾದವಿಲ್ಲ.

ಧೂಳುಶತ್ರು
ನೀವಿಬ್ಬರೂ ಬೇರೆ ಕಡೆ ಹೋಗಿ ಜಗಳವಾಡಿ. ಗೋಡೆನೋಟ ಅವರೇ, ಪಂದ್ಯದಲ್ಲಿ ಮಾತ್ರ ಆಗುತ್ತದೆ ಎಂದಿರಲ್ಲ, ಅಲ್ಲಿಯೇ ಸಾಕ್ಷಿ ಸಿಕ್ಕಿತು. ಹಸಿರು ಮೈದಾನ, ಹಗಲ ಬೆಳಕು, ಪೂರ್ತಿ ಪ್ರಕಾಶಮಾನವಾದ ಚಿತ್ರ. ದೀಪ ಹೆಚ್ಚು ಉರಿಯುತ್ತದೆ, ಹೆಚ್ಚು ಕಾಯುತ್ತದೆ. ಧಾರಾವಾಹಿಯಲ್ಲಿ ಅರ್ಧ ಹೊತ್ತು ಮಬ್ಬು ಬೆಳಕು. ಫ್ಯಾನ್ ಬಿಚ್ಚಿ ನೋಡಿ.

ತಂತಿಗಂಟು
ಫ್ಯಾನ್ ಬಿಚ್ಚಬೇಡಿ, ವಾಪಸು ಕೊಡುವ ಹಕ್ಕು ಹೋದೀತು. ಎಲ್‌ಸಿಡಿ ಪ್ರೊಜೆಕ್ಟರ್‌ನಲ್ಲಿ ದೃಶ್ಯ ಬೆಳಗಿರಲಿ ಕತ್ತಲಿರಲಿ, ಸಾಮಾನ್ಯವಾಗಿ ದೀಪ ಒಂದೇ ಸಮ ಉರಿಯುತ್ತದೆ. ಕತ್ತಲ ದೃಶ್ಯದಲ್ಲಿ, ಚಿತ್ರ ಮೂಡಿಸುವ ಪ್ಯಾನೆಲ್ ಆ ಬೆಳಕನ್ನು ತಡೆಹಿಡಿಯುತ್ತದೆ, ಅಷ್ಟೆ. ಶಾಖಕ್ಕೆ ಹೆದರಿ ಆರಿದ ಯಂತ್ರ ಮೂರೇ ಸೆಕೆಂಡಿನಲ್ಲಿ ತಣ್ಣಗಾಗಿ ಎದ್ದು ಬರುವುದೂ ಇಲ್ಲ. ಮೂರನೆಯ ಸಲ ಅಂಗಲಾಚುವಂತೆ ಮಾಡಬೇಡಿ: ಶಬ್ದ ಹೋಗುತ್ತದೆಯೋ ಇಲ್ಲವೋ?

ಗೋಡೆನೋಟ
ಕ್ಷಮಿಸಿ, ಅದು ಮುಖ್ಯವೆಂದು ತೋಚಲಿಲ್ಲ. ಶಬ್ದವೂ ಹೋಗುತ್ತದೆ. ಗೋಡೆ ಒಂದು ಕ್ಷಣ ಕಪ್ಪು, ಆಮೇಲೆ ನೀಲಿ, ಮೂಲೆಯಲ್ಲಿ ಎಚ್‌ಡಿಎಂಐ ಎಂಬ ಅಕ್ಷರ ಮಿಂಚಿ ಮರೆಯಾಗುತ್ತದೆ. ಕೇಬಲ್ 15 ಮೀಟರ್. ಬಾಕ್ಸ್ ಕೋಣೆಯ ಈ ತುದಿ, ಪ್ರೊಜೆಕ್ಟರ್ ಆ ತುದಿಯ ಅಟ್ಟಣಿಗೆ. ಜಮಖಾನೆಯ ಅಡಿಯಿಂದ ಎಳೆದಿದ್ದೇನೆ. ತೆಳ್ಳಗಿದೆ, ಹೆಚ್ಚು ಕಡಿಮೆ ಮೊಬೈಲ್ ಚಾರ್ಜರಿನ ತಂತಿಯಷ್ಟು.

ತಂತಿಗಂಟು
15 ಮೀಟರ್, ಚಾರ್ಜರ್ ತಂತಿಯಷ್ಟು ತೆಳ್ಳಗೆ, ಜಮಖಾನೆಯ ಅಡಿ! ಇದನ್ನು ಮೊದಲನೆಯ ದಿನವೇ ಬರೆದಿದ್ದರೆ ಫ್ಯಾನ್, ಲುಮೆನ್, ಕತ್ತಲೆ ಎಲ್ಲವೂ ತಪ್ಪುತ್ತಿದ್ದವು.

ದೀಪ ಆರುತ್ತಿಲ್ಲ. ಪ್ರೊಜೆಕ್ಟರಿಗೆ ಸಿಗ್ನಲ್ ಸಿಗುತ್ತಿಲ್ಲ. 1080ಪಿ, ಅಂದರೆ 1080 ಸಾಲುಗಳ ಚಿತ್ರಕ್ಕೆ ಆ ತಂತಿಯಲ್ಲಿ ಸೆಕೆಂಡಿಗೆ ಸುಮಾರು 4.45 ಗಿಗಾಬಿಟ್ ಹರಿಯಬೇಕು. 720ಪಿಗೆ ಅದರ ಅರ್ಧ ಸಾಕು. ಸೋತು ಸುಣ್ಣವಾದ ಸಿಗ್ನಲ್ ಒಂದು ಕ್ಷಣ ತಪ್ಪಿದರೂ ಬಾಕ್ಸ್ ಮತ್ತು ಪ್ರೊಜೆಕ್ಟರ್ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕು, ನಕಲು ತಡೆಯುವ ಎಚ್‌ಡಿಸಿಪಿ ಬೀಗದ ಕೀಲಿಗಳನ್ನು ಮತ್ತೆ ಒಪ್ಪಿಸಬೇಕು. ನಿಮ್ಮ ಮೂರು ಸೆಕೆಂಡು ಹೋಗುತ್ತಿರುವುದು ಅಲ್ಲಿಗೆ. ಬಾಕ್ಸಿನ ಔಟ್‌ಪುಟ್ 720ಪಿಗೆ ಇಳಿಸಿ ಒಂದು ಪಂದ್ಯ ನೋಡಿ. ಪ್ರೊಜೆಕ್ಟರ್‌ನ ಪ್ಯಾನೆಲ್ ಎಷ್ಟರದ್ದು? ‘1080ಪಿ ಬೆಂಬಲ’ ಎಂಬ ಸಾಲನ್ನು ನಂಬಬೇಡಿ, ‘ನೇಟಿವ್’, ಅಂದರೆ ಪ್ಯಾನೆಲಿನ ನಿಜವಾದ ಅಳತೆ ಎಂದು ಬರೆದಿರುವುದನ್ನು ಹುಡುಕಿ.

ಗೋಡೆನೋಟ
ಕೈಪಿಡಿಯ ಕೊನೆಯ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿದೆ: 1280×720. ಎರಡು ವಾರದಿಂದ ಸುಮ್ಮನೆ 1080ಪಿ ಕಳಿಸುತ್ತಿದ್ದೆ. ಇಳಿಸಿದೆ, ಚಿತ್ರದಲ್ಲಿ ಕೊರತೆ ಕಾಣಲಿಲ್ಲ. ಸಂಜೆಗೆ ನಾಲ್ಕೈದು ಸಲ ಆಗುತ್ತಿದ್ದುದು ಒಂದು ಸಲಕ್ಕೆ ಬಂತು. ಆದರೆ ಆ ಒಂದು ಸಲವೂ ಸಿಕ್ಸರ್ ಹೊಡೆದಾಗಲೇ. ನನ್ನ ಅಮ್ಮ ಟಿವಿಯನ್ನಲ್ಲ, ನಮ್ಮನ್ನು ನೋಡುತ್ತಾ ಕುಳಿತಿರುತ್ತಾರೆ. ಅವರು ಹೇಳಿದರು: “ನಿಮ್ಮಪ್ಪ ಎದ್ದು ನಿಂತಾಗಲೆಲ್ಲ ಹೋಗುತ್ತದೆ.”

ಧೂಳುಶತ್ರು
ಎದ್ದಾಗ ಜಮಖಾನೆಯ ಧೂಳು ಏಳುತ್ತದೆ.

ಲುಮೆನ್‌ಲೆಕ್ಕ
ಕೇಬಲ್ ತುಳಿಯುತ್ತಾರೆ, ಮುಗಿಯಿತು.

ಗೋಡೆನೋಟ
ತುಳಿಯುವುದಿಲ್ಲ. ಅವರ ಕಾಲು ನೆಲ ಮುಟ್ಟುವ ಜಾಗ ಕೇಬಲಿಗೆ ಎರಡು ಗೇಣು ದೂರ. ನಾನೇ ಕೇಬಲಿನ ಮೇಲೆ ಕುಣಿದು ನೋಡಿದೆ, ಏನೂ ಆಗಲಿಲ್ಲ.

ತಂತಿಗಂಟು
ಅಪ್ಪ ಕೂರುವುದು ಯಾವ ಕುರ್ಚಿಯಲ್ಲಿ?

ಗೋಡೆನೋಟ
ಇದೆಂಥ ಪ್ರಶ್ನೆ? ಕಚೇರಿಯಲ್ಲಿ ಇರುತ್ತದಲ್ಲ, ತಿರುಗುವ ಕುರ್ಚಿ. ಹಿಡಿ ಎತ್ತಿದರೆ ಮೇಲೆ ಕೆಳಗೆ ಹೋಗುತ್ತದೆ.

ತಂತಿಗಂಟು
ಹಾಗಾದರೆ ಬಾಕ್ಸನ್ನು ಮತ್ತೆ 1080ಪಿಗೆ ಹಾಕಿ. ಅಪ್ಪನನ್ನು ಆ ಕುರ್ಚಿಯಿಂದ ಹತ್ತು ಸಲ ಎಬ್ಬಿಸಿ. ಆಮೇಲೆ ಅದೇ ಜಾಗದಲ್ಲಿ ಮರದ ಕುರ್ಚಿ ಇಟ್ಟು ಹತ್ತು ಸಲ.

ಗೋಡೆನೋಟ
ಐದನೆಯ ಸಲಕ್ಕೇ ಅಪ್ಪ ಬೈದರು, ಉಳಿದದ್ದನ್ನು ನಾನೇ ಎದ್ದು ಕೂತು ಮುಗಿಸಿದೆ. ತಿರುಗುವ ಕುರ್ಚಿ: ಹತ್ತರಲ್ಲಿ ಏಳು ಸಲ ಚಿತ್ರ ಹೋಯಿತು. ಮರದ ಕುರ್ಚಿ: ಹತ್ತಕ್ಕೆ ಒಂದೂ ಇಲ್ಲ. ನನಗೆ ಸ್ವಲ್ಪ ಭಯವಾಗುತ್ತಿದೆ.

ತಂತಿಗಂಟು
ಭಯ ಬೇಡ, ಇದು ಬಲ್ಲವರಿಗೆ ಹಳೆಯ ಕಾಟ. ಗ್ಯಾಸ್ ಸಿಲಿಂಡರ್ ಇರುವ ಕುರ್ಚಿಯಿಂದ ಥಟ್ಟನೆ ಎದ್ದಾಗ ಬಟ್ಟೆಗೂ ಆಸನಕ್ಕೂ ಉಜ್ಜಿ ಹುಟ್ಟಿದ ಸ್ಥಿರವಿದ್ಯುತ್ತು ಕುರ್ಚಿಯ ಲೋಹದ ಭಾಗಗಳ ನಡುವೆ ಹಾರುತ್ತದೆ. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಎನ್ನುತ್ತದಲ್ಲ, ಅದೇ ಜಾತಿಯದು. ಆ ಕಿಡಿ ಹತ್ತಿರದ ಗಾಳಿಯಲ್ಲಿ ರೇಡಿಯೊ ಅಲೆ ಎಬ್ಬಿಸುತ್ತದೆ. ಮೈಮೇಲೆ ಸರಿಯಾದ ಕವಚವಿಲ್ಲದ ಉದ್ದದ ಕೇಬಲ್ ಅದನ್ನು ಆಂಟೆನಾದಂತೆ ಹಿಡಿಯುತ್ತದೆ. ಚೆಂಡು ಆಕಾಶದಲ್ಲಿದ್ದಾಗ ನಿಮ್ಮ ಅಪ್ಪ ನಿಧಾನವಾಗಿ ಏಳುವವರಲ್ಲ ಎಂದು ತೋರುತ್ತದೆ.

ಕೇಬಲನ್ನು ಕುರ್ಚಿಯಿಂದ ದೂರ, ಗೋಡೆಯಂಚಿಗೆ ಎಳೆಯಿರಿ. ಎರಡೂ ತುದಿಗೆ ಇಂಥ ರೇಡಿಯೊ ಗದ್ದಲ ತಗ್ಗಿಸುವ ಫೆರೈಟ್ ಕ್ಲಿಪ್ ಹಾಕಿ. ಬಾಕ್ಸ್ 720ಪಿಯಲ್ಲೇ ಇರಲಿ. ಇಷ್ಟಕ್ಕೂ ಬಗ್ಗದಿದ್ದರೆ ಬಾಕ್ಸನ್ನೇ ಪ್ರೊಜೆಕ್ಟರ್ ಪಕ್ಕಕ್ಕೆ ಒಯ್ದು ಗಿಡ್ಡ ಕೇಬಲ್ ಹಾಕಿ. ಸಿಗ್ನಲನ್ನು ಬೆಳಕಾಗಿ ಒಯ್ಯುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಕೊಳ್ಳುವುದಾದರೆ ತುದಿಯ ಗುರುತು ನೋಡಿ ಸಿಕ್ಕಿಸಿ. ಅದಕ್ಕೆ ದಿಕ್ಕುಂಟು, ತಿರುವಿ ಹಾಕಿದರೆ ಚಿತ್ರವೇ ಬಾರದು.

ಲುಮೆನ್‌ಲೆಕ್ಕ
ಕುರ್ಚಿಯಿಂದ ಎದ್ದರೆ ಟಿವಿ ಆರುತ್ತದೆ ಎಂದು ಮನೆಯಲ್ಲಿ ಹೇಳಿದರೆ ನನ್ನನ್ನು ಎಲ್ಲಿಗೆ ಕಳಿಸುತ್ತಾರೋ. ಆದರೂ ಹತ್ತಕ್ಕೆ ಏಳು, ಹತ್ತಕ್ಕೆ ಸೊನ್ನೆ. ಅಂಕಿಗೆ ಎದುರಾಡಲಾರೆ.

ಕತ್ತಲೆಕೋಣೆ
ನನ್ನಲ್ಲಿ ನಾಲ್ಕು ಚರ್ಮದ ರಿಕ್ಲೈನರ್ ಇವೆ. ಈ ತೊಂದರೆ ಒಮ್ಮೆಯೂ ಬಂದಿಲ್ಲ. ಆದರೆ ಕತ್ತಲಲ್ಲಿ ಕಪ್ ಇಡುವ ತೂತು ಸಿಗುವುದಿಲ್ಲ.

ಧೂಳುಶತ್ರು
ಸರಿ, ಕುರ್ಚಿಯೇ ಇರಲಿ. ಆರು ತಿಂಗಳ ಮೇಲೆ ಚಿತ್ರದ ನಡುವೆ ಬೂದು ಮಚ್ಚೆ ಬಂದಾಗ ನನ್ನನ್ನು ಕರೆಯಿರಿ. ಆಗ ಧೂಳು ಪ್ಯಾನೆಲ್ ಮೇಲೆ ಕುಳಿತಿರುತ್ತದೆ.

ಗೋಡೆನೋಟ
ಕೇಬಲನ್ನು ಗೋಡೆಯಂಚಿಗೆ ಎಳೆದೆ, ಕ್ಲಿಪ್ ಹಾಕಿದೆ. ನಾಲ್ಕು ದಿನವಾಯಿತು, ಒಮ್ಮೆಯೂ ಚಿತ್ರ ಹೋಗಿಲ್ಲ. ಪ್ರೊಜೆಕ್ಟರ್ ವಾಪಸು ಕೊಡುವುದಿಲ್ಲ. ಕುರ್ಚಿ ಬದಲಿಸೋಣವೆಂದರೆ ಅಪ್ಪ ಒಪ್ಪಲಿಲ್ಲ. ಧಾರಾವಾಹಿಯ ಒಗಟೂ ಬಗೆಹರಿಯಿತು: ಆ ಹೊತ್ತಿಗೆ ಅವರು ಅದೇ ಕುರ್ಚಿಯಲ್ಲಿ ನಿದ್ದೆ ಹೋಗಿರುತ್ತಾರೆ.

ಇನ್ನೊಂದಿದೆ. ಕ್ಯಾಮೆರಾ ಚೆಂಡಿನ ಹಿಂದೆ ಓಡುವಾಗ ಮೈದಾನವೆಲ್ಲ ತಡೆತಡೆದು ಜಗ್ಗಿದಂತೆ ಕಾಣುತ್ತದೆ. ಹಳೆಯ ಟಿವಿಯಲ್ಲಿ ಹೀಗಿರಲಿಲ್ಲ.

ತಂತಿಗಂಟು
ಬಾಕ್ಸ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಚಿತ್ರ ಕಳಿಸುತ್ತಿದ್ದು ಪ್ರೊಜೆಕ್ಟರ್ ಅದನ್ನು 60ಕ್ಕೆ ಎಳೆದು ಕೂರಿಸುತ್ತಿದ್ದರೆ ಪ್ರತಿ ಐದು ಚಿತ್ರಕ್ಕೆ ಒಂದನ್ನು ಎರಡು ಸಲ ತೋರಿಸಬೇಕಾಗುತ್ತದೆ. ಆ ಜಗ್ಗಾಟ ಅದರದ್ದಿರಬಹುದು. ಪ್ರೊಜೆಕ್ಟರ್ ಮೆನುವಿನ ಮಾಹಿತಿ ಪುಟದಲ್ಲಿ ಯಾವ ಅಂಕಿ ಇದೆಯೋ ಅದನ್ನು ಹಾಗೆಯೇ ಬರೆದು ಹಾಕಿ, ಒಂದನ್ನೂ ಬಿಡದೆ.

ಗೋಡೆನೋಟ
ವಿಶೇಷವೇನೂ ಇಲ್ಲ, ಎಲ್ಲ ಸಾಮಾನ್ಯವಾಗಿಯೇ ಇದೆ.